ಹಡಗು ಕಾಯದು, ಗುಹೆ ತೆರೆಯದು: ಮುಂಬಯಿಯಲ್ಲಿ ಒಂದೇ ಹಗಲು ಸಿಕ್ಕವರಿಗೆ

ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮ ಹಿರಿಯರ ಮೊದಲ ತಲೆಮಾರಿಗೆ ಸಮುದ್ರವೇ ಹೆದ್ದಾರಿಯಾಗಿತ್ತು. ಘಟ್ಟದ ರಸ್ತೆಯೂ ರೈಲೂ ಕೈಗೆಟುಕುವ ಮೊದಲು ಊರಿನ ಬಂದರಿನಲ್ಲಿ ಆಗಬೋಟು ಹತ್ತಿ, ಹಾಸಿಗೆಯ ಸುರುಳಿಯೊಂದಿಗೆ ಈ ಮಹಾನಗರದ ಧಕ್ಕೆಯಲ್ಲಿ ಇಳಿದವರು ಅನೇಕರು. ಹಗಲು ಹೋಟೆಲಿನ ದುಡಿಮೆ, ಇರುಳು ರಾತ್ರಿಶಾಲೆಯ ಪಾಠ ಎಂದು ಬದುಕು ಕಟ್ಟಿಕೊಂಡ ಆ ತಲೆಮಾರಿನ ಮಕ್ಕಳು, ಮೊಮ್ಮಕ್ಕಳು ಇಂದು ದುಬೈ, ಲಂಡನ್, ನ್ಯೂಜೆರ್ಸಿಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಕೆಲವರು ಈಗ ಮತ್ತೆ ಸಮುದ್ರದ ದಾರಿಯಲ್ಲೇ ಮುಂಬಯಿಗೆ ಬರತೊಡಗಿದ್ದಾರೆ. ಆದರೆ ಈ ಸಲ ಬರುವುದು ಕ್ರೂಸ್ ಎಂದು ಕರೆಯಲಾಗುವ ವಿಹಾರ ಹಡಗಿನಲ್ಲಿ; ಉಳಿಯುವುದು ಹೆಚ್ಚೆಂದರೆ ಒಂದು ಹಗಲು. ಬೆಳಿಗ್ಗೆ ಬಂದ ಹಡಗು ಸಂಜೆ ಕೊಚ್ಚಿಗೋ ಕೊಲಂಬೊಗೋ ಹೊರಟುಬಿಡುತ್ತದೆ.

ಆ ಒಂದು ಹಗಲನ್ನು ಹೇಗೆ ಕಳೆಯಬೇಕೆಂಬ ಪ್ರಶ್ನೆ ಬರುವವರಿಗಷ್ಟೇ ಸೇರಿದ್ದಲ್ಲ. ಸಯನ್, ಮಾಟುಂಗ, ವಡಾಲ, ಚೆಂಬೂರುಗಳಲ್ಲಿ ಅವರಿಗಾಗಿ ಕಾಯುತ್ತಿರುವ ಬಂಧುಗಳಿಗೂ ಸೇರಿದ್ದು. ಎಲಿಫೆಂಟಾ ನೋಡಬೇಕು, ವಸ್ತುಸಂಗ್ರಹಾಲಯ ನೋಡಬೇಕು, ಮಾಟುಂಗದಲ್ಲಿ ಊಟ ಮಾಡಬೇಕು, ಅಜ್ಜಿಯನ್ನು ಕಾಣಬೇಕು ಎಂದು ಪಟ್ಟಿ ಬೆಳೆಯುತ್ತದೆ. ಹಡಗು ಬರುವ ದಿನ ಸೋಮವಾರವೆಂದೂ, ಸೋಮವಾರ ಎಲಿಫೆಂಟಾಕ್ಕೆ ರಜೆಯೆಂದೂ ಕೊನೆಯ ಗಳಿಗೆಯಲ್ಲಿ ತಿಳಿಯುತ್ತದೆ. ಬದಲಿ ಹುಡುಕುವ ಗಡಿಬಿಡಿಯಲ್ಲಿ ಹಗಲಿನ ಅರ್ಧ ಕಳೆದುಹೋಗುತ್ತದೆ. ಇಂತಹ ದಿನವನ್ನು ಮೊದಲೇ ಯೋಜಿಸುವ ಬಗೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಬಂದರಿನ ಬದಲಾದ ಚಿತ್ರ

ಮುಂಬಯಿಗೆ ವಿದೇಶಿ ವಿಹಾರ ಹಡಗುಗಳು ಬರುವುದು ಹೊಸತಲ್ಲ. ಆದರೆ ಇಲ್ಲಿಂದಲೇ ಹೊರಡುವ ಪ್ರವಾಸಗಳು ಜನಸಾಮಾನ್ಯರ ಮಾತಿಗೆ ಬಂದದ್ದು ಕಳೆದ ಒಂದು ದಶಕದಲ್ಲಿ. 2016ರ ಡಿಸೆಂಬರಿನಲ್ಲಿ ಇಟಲಿಯ ಕೋಸ್ಟಾ ಸಂಸ್ಥೆಯ ಹಡಗೊಂದು ಮುಂಬಯಿಯನ್ನು ತನ್ನ ಹೊರಡುವ ಬಂದರಾಗಿ ಮಾಡಿಕೊಂಡಿತು. 2018ರ ಅಕ್ಟೋಬರಿನಲ್ಲಿ ಮುಂಬಯಿ ಮತ್ತು ಗೋವಾ ನಡುವೆ ಆಂಗ್ರಿಯಾ ಹಡಗು ಆರಂಭವಾಯಿತು. ಕೋವಿಡ್ ಕಾಲದ ಸ್ತಬ್ಧತೆಯ ನಂತರ 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಸಂಸ್ಥೆಯ ಹಡಗು ಇಲ್ಲಿಂದ ಪ್ರಯಾಣ ತೊಡಗಿತು. ಬಲ್ಲಾರ್ಡ್ ಪಿಯರ್ ಬಳಿ ನಿರ್ಮಾಣಗೊಂಡ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್ 20ರಂದು ಉದ್ಘಾಟನೆಗೊಂಡಿತು.

ಈ ಧಕ್ಕೆ ಇರುವುದು ನಗರದ ದಕ್ಷಿಣ ತುದಿಯಲ್ಲಿ. ಅಲ್ಲಿಂದ ಕೋಟೆ ಪ್ರದೇಶವೆಂದು ನಾವು ಕರೆಯುವ ಫೋರ್ಟ್ ಕಾಲ್ನಡಿಗೆಯ ದೂರದಲ್ಲಿದೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣವೂ ಹತ್ತಿರವೇ. ಅಲ್ಲಿಂದ ಸಯನ್ ನಿಲ್ದಾಣಕ್ಕೆ ಮಧ್ಯ ರೈಲ್ವೆಯ ನಿಧಾನಗತಿಯ ಲೋಕಲಿನಲ್ಲಿ ಸುಮಾರು ಅರ್ಧ ಗಂಟೆಯ ಪ್ರಯಾಣ. ದೂರ 13 ಕಿಲೋಮೀಟರಿನ ಆಸುಪಾಸು. ಈ ಅಂತರಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಲೆಕ್ಕ ಸುಲಭವಾಗುತ್ತದೆ.

ಹತ್ತು ಗಂಟೆಯಲ್ಲಿ ಕೈಗೆ ಸಿಗುವುದೆಷ್ಟು?

ಹಡಗಿನ ವೇಳಾಪಟ್ಟಿಯಲ್ಲಿ ಬೆಳಿಗ್ಗೆ 8ಕ್ಕೆ ಆಗಮನ, ಸಂಜೆ 6ಕ್ಕೆ ನಿರ್ಗಮನ ಎಂದು ಬರೆದಿದೆಯೆಂದು ಭಾವಿಸೋಣ. ಹತ್ತು ಗಂಟೆ ಸಿಕ್ಕಿತೆಂದು ಸಂತೋಷಪಡುವಂತಿಲ್ಲ. ಹಡಗು ಧಕ್ಕೆಗೆ ತಾಗಿದ ಮೇಲೆ ಅಧಿಕಾರಿಗಳ ಅನುಮತಿ ಬರಬೇಕು. ಪ್ರಯಾಣಿಕರು ಸಾಲಾಗಿ ಇಳಿಯಬೇಕು. ವಿದೇಶದಿಂದ ಬಂದವರಿಗೆ ವಲಸೆ ವಿಭಾಗದ ತಪಾಸಣೆ ಮುಗಿಯಬೇಕು. ಬಂದರಿನ ಗೇಟಿನ ಹೊರಗೆ ಕಾಲಿಡುವಾಗ ಒಂಬತ್ತೂವರೆ ಆದರೆ ಅದು ಆಶ್ಚರ್ಯವಲ್ಲ. ಇತ್ತ ಸಂಜೆ 6ಕ್ಕೆ ಹೊರಡುವ ಹಡಗು ಪ್ರಯಾಣಿಕರೆಲ್ಲ ಅರ್ಧ ಗಂಟೆ ಅಥವಾ ಒಂದು ಗಂಟೆ ಮೊದಲೇ ಒಳಗಿರಬೇಕೆಂದು ಕೇಳುತ್ತದೆ. ಗೇಟಿನ ಭದ್ರತಾ ತಪಾಸಣೆಗೂ ರಸ್ತೆಯ ಅನಿಶ್ಚಿತತೆಗೂ ಇನ್ನೊಂದು ಗಂಟೆ ಮೀಸಲಿಟ್ಟರೆ ನಾಲ್ಕಕ್ಕೆ ಬಂದರಿನ ಬಳಿ ಮರಳಿರುವುದು ಕ್ಷೇಮ. ಹಾಗಾಗಿ ಹತ್ತು ಗಂಟೆಯ ಹಗಲಿನಲ್ಲಿ ನಿಜವಾಗಿ ಕೈಗೆ ಸಿಗುವುದು ಆರೂವರೆ ಗಂಟೆ.

ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಕೆಲವು ಹಡಗುಗಳಲ್ಲಿ ಗಡಿಯಾರವು ಬಂದರಿನ ಸ್ಥಳೀಯ ಸಮಯಕ್ಕೆ ಹೊಂದಿಕೊಳ್ಳದೆ ಹಡಗಿನದೇ ಸಮಯವನ್ನು ತೋರಿಸುವುದುಂಟು. ಕೈಯಲ್ಲಿರುವ ಮೊಬೈಲು ಮಾತ್ರ ದಡ ಸೇರಿದೊಡನೆ ಭಾರತೀಯ ಸಮಯಕ್ಕೆ ತಿರುಗುತ್ತದೆ. ಇಳಿಯುವ ಮುನ್ನವೇ ಮರಳಬೇಕಾದ ಸಮಯ ಯಾವ ಗಡಿಯಾರದ್ದೆಂದು ಹಡಗಿನ ಸಿಬ್ಬಂದಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕು. ಹಡಗಿನವರೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ತಾವಾಗಿ ಹೊರಗೆ ಹೋದವರಿಗಾಗಿ ಕಾಯುವುದಿಲ್ಲ. ಬಂಧುಗಳ ಮನೆಗೆ ಹೋಗುವವರು ಈ ಎರಡನೆಯ ವರ್ಗಕ್ಕೆ ಸೇರಿದವರು.

ಯಾವ ವಾರ, ಯಾವ ಬಾಗಿಲು?

ಮುಂಬಯಿಯ ಪ್ರೇಕ್ಷಣೀಯ ಸ್ಥಳಗಳ ವಾರದ ರಜೆ ಒಂದೇ ದಿನ ಬೀಳುವುದಿಲ್ಲವೆಂಬುದು ನಮಗೆ ಅನುಕೂಲ. ಸೋಮವಾರ ಮುಚ್ಚಿರುವವುಗಳಲ್ಲಿ ಮುಖ್ಯವಾದುದು ಎಲಿಫೆಂಟಾ, ಸ್ಥಳೀಯರ ಘಾರಾಪುರಿ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗುಹೆಗಳಿಗೆ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ ಬೇಕು. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವೂ ಅದರೊಳಗಿನ ಕಾನ್ಹೇರಿ ಗುಹೆಗಳೂ ಸೋಮವಾರವೇ ರಜೆ ಇಟ್ಟುಕೊಂಡಿವೆ. ಫೋರ್ಟಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯೂ ಸೋಮವಾರ ಮುಚ್ಚಿರುತ್ತದೆ.

ಬುಧವಾರ ಮುಚ್ಚುವುದು ಭಾಯಖಳದ ಜೋಡಿ: 1872ರಲ್ಲಿ ಜನರಿಗೆ ತೆರೆದ, ಇಂದು ಡಾ. ಭಾವು ದಾಜಿ ಲಾಡ್ ಹೆಸರು ಹೊತ್ತಿರುವ ನಗರದ ಹಳೆಯ ವಸ್ತುಸಂಗ್ರಹಾಲಯ ಮತ್ತು ಅದರ ಪಕ್ಕದ ಜೀಜಾಮಾತಾ ಉದ್ಯಾನದ ಮೃಗಾಲಯ. ಬುಧವಾರವೇ ಸಾರ್ವಜನಿಕ ರಜೆ ಬಿದ್ದರೆ ಮೃಗಾಲಯವನ್ನು ಅಂದು ತೆರೆದಿಟ್ಟು ಮರುದಿನ ಮುಚ್ಚುವ ಪದ್ಧತಿಯಿದೆ. ಗುರುವಾರ ಬಂದವರು ಇದನ್ನು ಅರಿಯದೆ ಗೇಟಿನಿಂದ ಮರಳುವುದುಂಟು.

ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ವಾರದ ರಜೆಯಿಲ್ಲ. ಕೆಲವು ರಾಷ್ಟ್ರೀಯ ರಜಾ ದಿನಗಳಲ್ಲಿ ಮಾತ್ರ ಮುಚ್ಚುತ್ತದೆ. 2004ರಲ್ಲಿ ವಿಶ್ವ ಪರಂಪರೆಗೆ ಸೇರಿದ ರೈಲು ನಿಲ್ದಾಣದ ಕಟ್ಟಡ, 1924ರಲ್ಲಿ ಉದ್ಘಾಟನೆಗೊಂಡ ಗೇಟ್‌ವೇ, ಹಾರ್ನಿಮನ್ ವೃತ್ತ, 1833ರ ಟೌನ್ ಹಾಲ್, ಬಲ್ಲಾರ್ಡ್ ಎಸ್ಟೇಟಿನ ಕಲ್ಲು ಕಟ್ಟಡಗಳ ಸಾಲು ಇವೆಲ್ಲ ಹೊರಗಿನಿಂದ ನೋಡುವಂಥವು. ಇವುಗಳಿಗೆ ವಾರದ ಹಂಗಿಲ್ಲ. ಭಾನುವಾರ ಕಚೇರಿಗಳಿಗೆ ರಜೆಯಿರುವುದರಿಂದ ಫೋರ್ಟಿನ ಬೀದಿಗಳು ಬಿಡುವಾಗಿದ್ದು ನಡೆದಾಡಲು ಹಿತಕರ. ಆದರೆ ಅದೇ ಕಾರಣಕ್ಕೆ ಅಲ್ಲಿನ ಅಂಗಡಿಗಳೂ ಕಚೇರಿ ನೌಕರರನ್ನೇ ನಂಬಿದ ಉಪಾಹಾರಗೃಹಗಳೂ ಬಹುಪಾಲು ಮುಚ್ಚಿರುತ್ತವೆ.

ಎಲಿಫೆಂಟಾದಂತಹ ತಾಣಕ್ಕೆ ಸೋಮವಾರ ಏಕೆ ರಜೆ ಎಂದು ಹಲವರು ಕೇಳುತ್ತಾರೆ. ಶನಿವಾರ, ಭಾನುವಾರಗಳ ಜನಸಂದಣಿಯ ನಂತರ ಸ್ವಚ್ಛತೆಗೂ ದುರಸ್ತಿಗೂ ಸಿಬ್ಬಂದಿಯ ವಿಶ್ರಾಂತಿಗೂ ಒಂದು ದಿನ ಬೇಕಾಗುತ್ತದೆ. ಆದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಎಲ್ಲ ಸ್ಮಾರಕಗಳಿಗೂ ಸೋಮವಾರವೇ ರಜೆಯೆಂದು ತಿಳಿಯಬಾರದು. ಅಜಂತಾಕ್ಕೆ ಸೋಮವಾರ, ಎಲ್ಲೋರಾಕ್ಕೆ ಮಂಗಳವಾರ, ತಾಜಮಹಲಿಗೆ ಶುಕ್ರವಾರ. ಆದ್ದರಿಂದ ಒಂದರ ನಿಯಮವನ್ನು ಇನ್ನೊಂದಕ್ಕೆ ಅನ್ವಯಿಸದೆ ಪ್ರತಿಯೊಂದನ್ನೂ ಬೇರೆಯಾಗಿಯೇ ವಿಚಾರಿಸಬೇಕು.

ಪಂಚಾಂಗ, ಮಳೆ ಮತ್ತು ರಸ್ತೆ

ವಾರದ ರಜೆ ಮೊದಲೇ ಗೊತ್ತಿರುವಂಥದು. ಗೊತ್ತಿಲ್ಲದೆ ಎದುರಾಗುವ ಬಾಗಿಲುಗಳು ಬೇರೆ ಇವೆ. ದೇವಸ್ಥಾನಗಳನ್ನೇ ನೋಡೋಣ. ಮಧ್ಯಾಹ್ನದ ಮಹಾಪೂಜೆ ಮುಗಿದ ಮೇಲೆ ಗರ್ಭಗುಡಿಯ ಬಾಗಿಲು ಹಾಕಿ ಮತ್ತೆ ಸಂಜೆಯೇ ತೆರೆಯುವ ಕ್ರಮ ನಮ್ಮವರ ದೇವಾಲಯಗಳಲ್ಲಿ ಸಾಮಾನ್ಯ. ಹಡಗಿನಿಂದ ಇಳಿದವರು ಊಟ ಮುಗಿಸಿ ಒಂದೂವರೆಗೆ ದರ್ಶನಕ್ಕೆ ಹೊರಟರೆ ಮುಚ್ಚಿದ ಬಾಗಿಲಿಗೆ ಕೈಮುಗಿದು ಬರಬೇಕಾದೀತು. ಗ್ರಹಣದ ದಿನ ಈ ವೇಳೆ ಇನ್ನಷ್ಟು ಬದಲಾಗುತ್ತದೆ. ಹಡಗಿನ ದಿನಾಂಕ ತಿಳಿದೊಡನೆ ಮನೆಯ ಗೋಡೆಯ ಪಂಚಾಂಗವನ್ನು ಒಮ್ಮೆ ನೋಡುವುದು ಒಳಿತು.

ಸಮುದ್ರದ ಮಾತು ಇನ್ನೂ ಗಂಭೀರ. ವಿಹಾರ ಹಡಗುಗಳ ಋತು ಬಹುಮಟ್ಟಿಗೆ ಮಳೆಗಾಲ ಮುಗಿದ ಮೇಲಿನ ತಿಂಗಳುಗಳು. ಆದರೂ ಗಾಳಿ ಎದ್ದರೆ ಘಾರಾಪುರಿಯ ದೋಣಿಗಳು ನಿಲ್ಲುತ್ತವೆ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲಕಮಲ್’ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಂದು ಸಮುದ್ರ ಪ್ರಕ್ಷುಬ್ಧವಾಗಿರಲಿಲ್ಲ. ದೋಣಿ ಹತ್ತುವವರು, ಅದರಲ್ಲೂ ಮಕ್ಕಳಿರುವವರು, ಜೀವರಕ್ಷಕ ಕವಚ ಕೇಳಿ ಪಡೆದು ತೊಟ್ಟುಕೊಂಡೇ ಕೂರಬೇಕು. ಹೋಗಿ ಬರುವ ದೋಣಿ, ದ್ವೀಪದಲ್ಲಿ ನೂರಕ್ಕೂ ಹೆಚ್ಚು ಮೆಟ್ಟಿಲು, ಗುಹೆಯ ದರ್ಶನ ಎಲ್ಲ ಸೇರಿ ನಾಲ್ಕರಿಂದ ಐದು ಗಂಟೆ ಬೇಕಾಗುತ್ತದೆ. ಆರೂವರೆ ಗಂಟೆಯಲ್ಲಿ ಇದನ್ನು ಕಳೆದರೆ ಉಳಿದ ಹೊತ್ತಿನಲ್ಲಿ ಸಯನ್‌ಗೆ ಹೋಗಿಬರುವುದು ಅಸಾಧ್ಯ. ಎಲಿಫೆಂಟಾ ಬೇಕೆಂದರೆ ಅದೊಂದೇ. ಮನೆ ಬೇಕೆಂದರೆ ಎಲಿಫೆಂಟಾ ಇನ್ನೊಂದು ಸಲಕ್ಕೆ. ಈ ತೀರ್ಮಾನವನ್ನು ಹಡಗು ಬರುವ ಮೊದಲೇ ಮಾಡಿಬಿಡಬೇಕು.

ರಸ್ತೆಗಳಿಗೂ ಬಾಗಿಲಿದೆ. ಸಯನ್ ನಿಲ್ದಾಣದ ಪಕ್ಕದಲ್ಲಿ ಹಳಿಗಳ ಮೇಲೆ ಹಾದುಹೋಗುತ್ತಿದ್ದ ಬ್ರಿಟಿಷರ ಕಾಲದ ಸೇತುವೆಯನ್ನು ಮರುನಿರ್ಮಾಣಕ್ಕಾಗಿ 2024ರ ಆಗಸ್ಟ್ 1ರಂದು ಸಂಚಾರಕ್ಕೆ ಮುಚ್ಚಲಾಯಿತು. ಪೂರ್ವದಿಂದ ಪಶ್ಚಿಮಕ್ಕೆ ಐದು ನಿಮಿಷದಲ್ಲಿ ದಾಟುತ್ತಿದ್ದವರು ಸುತ್ತುಬಳಸಿನ ದಾರಿ ಹಿಡಿಯಬೇಕಾಯಿತು. ಹತ್ತು ವರ್ಷದ ಹಿಂದೆ ಬಂದು ಹೋದ ಅಳಿಯ ತನ್ನ ನೆನಪಿನ ದಾರಿಯನ್ನೇ ಟ್ಯಾಕ್ಸಿಯವನಿಗೆ ಹೇಳಿದರೆ ತೊಂದರೆಯಾದೀತು. ಆ ವಾರದ ರಸ್ತೆಯ ಸ್ಥಿತಿಯನ್ನು ಸಯನ್ನಿನಲ್ಲಿರುವ ಮನೆಯವರೇ ತಿಳಿದು ಹೇಳಬೇಕು. ಭಾನುವಾರ ಉಪನಗರ ರೈಲುಗಳಿಗೆ ‘ಮೆಗಾ ಬ್ಲಾಕ್’ ಎಂಬ ದುರಸ್ತಿ ಬಿಡುವು ಇರುವುದನ್ನು ಮುಂಬಯಿಗರಿಗೆ ಹೇಳಬೇಕಾಗಿಲ್ಲ. ಹೊರಗಿನಿಂದ ಬರುವವರಿಗೆ ಹೇಳಲೇಬೇಕು.

ದೂರದ್ದು ಮೊದಲು, ಹತ್ತಿರದ್ದು ಕೊನೆಗೆ

ಇಷ್ಟೆಲ್ಲ ಅನಿಶ್ಚಿತತೆಯ ನಡುವೆ ನೆಚ್ಚಬಹುದಾದ ಒಂದು ಸೂತ್ರವಿದೆ. ಬಂದರಿನಿಂದ ಅತಿ ದೂರದ ಕಾರ್ಯವನ್ನು ಬೆಳಿಗ್ಗೆಯೇ ಮುಗಿಸಿ, ಹೊತ್ತು ಏರಿದಂತೆ ಬಂದರಿನತ್ತ ಸರಿಯುತ್ತ, ಕೊನೆಯ ಗಂಟೆಗಳನ್ನು ಹಡಗಿನಿಂದ ನಡೆದೇ ತಲುಪಬಹುದಾದ ಜಾಗದಲ್ಲಿ ಕಳೆಯುವುದು. ಆಗ ರಸ್ತೆ ಕಟ್ಟಿಕೊಂಡರೂ ರೈಲು ತಡವಾದರೂ ಕೈತಪ್ಪುವುದು ಫೋರ್ಟಿನ ಒಂದು ಕಟ್ಟಡ ಮಾತ್ರ, ಹಡಗು ಕೈತಪ್ಪುವುದಿಲ್ಲ.

ಸಯನ್‌ಗೆ ಹೋಗುವವರಿಗೆ ಈ ಕ್ರಮ ಇನ್ನೊಂದು ರೀತಿಯಲ್ಲೂ ಅನುಕೂಲ. ಬೆಳಿಗ್ಗೆ ಕಚೇರಿಯ ಜನಪ್ರವಾಹ ದಕ್ಷಿಣಕ್ಕೆ ಹರಿಯುತ್ತಿರುವಾಗ ನಾವು ಉತ್ತರಕ್ಕೆ ಹೋಗುತ್ತೇವೆ. ಸಂಜೆಯ ಪ್ರವಾಹ ಉತ್ತರಕ್ಕೆ ತಿರುಗುವ ಮೊದಲೇ ದಕ್ಷಿಣಕ್ಕೆ ಮರಳಿರುತ್ತೇವೆ. ಕಾರಿನಲ್ಲಿ ಹೋಗುವವರು ಬಂದರಿನ ಪಕ್ಕದಲ್ಲೇ ಆರಂಭವಾಗುವ, 2013ರಲ್ಲಿ ತೆರೆದ ಪೂರ್ವ ಮುಕ್ತಮಾರ್ಗವನ್ನು ಹಿಡಿದು ವಡಾಲದ ಬಳಿ ಇಳಿಯಬಹುದು. 2025ರ ಅಕ್ಟೋಬರಿನಲ್ಲಿ ಪೂರ್ಣವಾಗಿ ತೆರೆದ ಮೆಟ್ರೊ ಮೂರನೆಯ ಮಾರ್ಗಕ್ಕೆ ಶಿವಾಜಿ ಟರ್ಮಿನಸ್ಸಿನ ಬಳಿಯೂ ಧಾರಾವಿಯಲ್ಲಿಯೂ ನಿಲ್ದಾಣಗಳಿವೆ. ಆದರೆ ಧಾರಾವಿ ಸಯನ್ನಿನ ಪಶ್ಚಿಮಕ್ಕಿದೆ; ಪೂರ್ವದಲ್ಲಿ ಮನೆಯಿರುವವರಿಗೆ ಲೋಕಲ್ ರೈಲೇ ನೇರ.

ಈ ಸೂತ್ರಕ್ಕೆ ಒಂದು ಮಾನವೀಯ ಕಾರಣವೂ ಇದೆ. ಮುಚ್ಚುವ ಬಾಗಿಲುಗಳ ಬಗ್ಗೆ ನಮಗೆ ಆತಂಕವಿರುತ್ತದೆ. ಆದ್ದರಿಂದ ಅವುಗಳನ್ನು ಮೊದಲು ಇಟ್ಟುಕೊಳ್ಳುತ್ತೇವೆ. ಮನೆಯ ಬಾಗಿಲು ಯಾವಾಗಲೂ ತೆರೆದಿರುತ್ತದೆ ಎಂಬ ಭರವಸೆಯಿಂದ ಅದನ್ನು ಕೊನೆಗೆ ತಳ್ಳುತ್ತೇವೆ. ವಸ್ತುಸಂಗ್ರಹಾಲಯದಲ್ಲಿ ಹೊತ್ತು ಮೀರುತ್ತದೆ, ಊಟ ತಡವಾಗುತ್ತದೆ, ಮೂರು ಗಂಟೆಗೆ ಮನೆಗೆ ಫೋನು ಹೋಗುತ್ತದೆ: “ಅಜ್ಜಿ, ಈ ಸಲ ಆಗುವುದಿಲ್ಲ, ಮುಂದಿನ ಸಲ ಖಂಡಿತ.” ಸಯನ್ನಿನ ಹಳೆಯ ಕಟ್ಟಡಗಳಲ್ಲಿ, ಲಿಫ್ಟ್ ಇಲ್ಲದ ಮೂರನೆಯ ಮಹಡಿಯಲ್ಲಿ ಕುಳಿತ ಎಂಬತ್ತೈದರ ಹಿರಿಯರಿಗೆ ಮುಂದಿನ ಸಲವೆಂಬುದು ಎಷ್ಟು ದೂರ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗುಹೆಯ ತ್ರಿಮೂರ್ತಿ ಸಾವಿರ ವರ್ಷಕ್ಕೂ ಮಿಕ್ಕಿ ಅಲ್ಲಿ ನಿಂತಿದ್ದಾನೆ, ಇನ್ನೊಂದು ಸೋಮವಾರವನ್ನೂ ಕಾಯುತ್ತಾನೆ. ಆದ್ದರಿಂದ ಹಗಲಿನ ಮೊದಲ ಭೇಟಿ ಮನೆಯದಾಗಿರಲಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಸಯನ್ನಿನಲ್ಲಿ ನೋಡುವುದೇನು?

ಮನೆಗೆ ಬಂದವರು ಮನೆಯಲ್ಲೇ ಕುಳಿತಿರಬೇಕೆಂದೇನೂ ಇಲ್ಲ. ಸಯನ್ ಮತ್ತು ಅದರ ನೆರೆಯಲ್ಲಿ ವಾರದ ರಜೆಯ ಹಂಗಿಲ್ಲದ ಸಂಗತಿಗಳು ಸಾಕಷ್ಟಿವೆ. ಮರಾಠಿಯಲ್ಲಿ ಈ ಊರು ‘ಶೀವ’, ಅಂದರೆ ಗಡಿ, ಸೀಮೆ. ಮುಂಬಯಿ ದ್ವೀಪ ಇಲ್ಲಿಗೆ ಮುಗಿದು, ಹಿನ್ನೀರಿನ ಆಚೆ ಸಾಷ್ಟಿ ದ್ವೀಪ ಆರಂಭವಾಗುತ್ತಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಗವರ್ನರ್ ಜೆರಾಲ್ಡ್ ಆಂಜಿಯರ್‌ನ ಕಾಲದಲ್ಲಿ, 1669ರಿಂದ 1677ರ ನಡುವೆ, ಆ ಗಡಿಯ ಕಾವಲಿಗಾಗಿ ಇಲ್ಲಿನ ಗುಡ್ಡದ ಮೇಲೆ ಒಂದು ಕೋಟೆ ಎದ್ದಿತು. ಆಗ ಸಾಷ್ಟಿ ಪೋರ್ಚುಗೀಸರ ವಶದಲ್ಲಿತ್ತು. 1739ರ ಹೊತ್ತಿಗೆ ಅದು ಮರಾಠರ ಕೈಸೇರಿತು. ಎರಡು ದ್ವೀಪಗಳನ್ನು ಬೆಸೆಯುವ ಸಯನ್ ಕಟ್ಟೆರಸ್ತೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪೂರ್ಣಗೊಂಡಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಈ ಗಡಿಯನ್ನು ದಾಟಿಯೇ ಮುಂದೆ ಸಾಗಿತು.

ಕೋಟೆ ಈಗ ಶಿಥಿಲವಾಗಿದೆ. ಗೋಡೆಗಳ ಮೇಲೆ ಬೇರುಗಳು ಹಬ್ಬಿವೆ. ಬುಡದಲ್ಲಿ ಜವಾಹರಲಾಲ್ ನೆಹರೂ ಉದ್ಯಾನವಿದೆ. ಮೇಲೇರಿದರೆ ಪೂರ್ವದ ಕೊಲ್ಲಿಯವರೆಗೆ ನೋಟ ಚಾಚುತ್ತದೆ. ಎಲಿಫೆಂಟಾವನ್ನು ನೋಡಿಕೊಳ್ಳುವ ಪುರಾತತ್ತ್ವ ಇಲಾಖೆಯ ಮುಂಬಯಿ ವಲಯದ ಕಚೇರಿ ಇರುವುದು ಇದೇ ಸಯನ್ ಕೋಟೆಯ ಆವರಣದಲ್ಲಿ. ಸೋಮವಾರ ಗುಹೆ ತಪ್ಪಿಹೋಯಿತೆಂದು ಬೇಸರಿಸುವ ಮೊಮ್ಮಕ್ಕಳನ್ನು ಬೆಳಗಿನ ತಂಪಿನಲ್ಲಿ ಈ ಗುಡ್ಡಕ್ಕೆ ಕರೆದೊಯ್ದರೆ ನಗರದ ಗಡಿ ಎಲ್ಲಿತ್ತೆಂಬುದನ್ನು ಕಣ್ಣಾರೆ ತೋರಿಸಬಹುದು. ಮೆಟ್ಟಿಲುಗಳು ಸಮನಾಗಿಲ್ಲದ ಕಾರಣ ಹಿರಿಯರು ಉದ್ಯಾನದಲ್ಲೇ ಕುಳಿತಿರುವುದು ಲೇಸು.

ಕನ್ನಡಿಗರಿಗೆ ಸಯನ್ ಎಂದೊಡನೆ ನೆನಪಾಗುವುದು ಗೋಕುಲ. 1925ರಲ್ಲಿ ಸ್ಥಾಪನೆಗೊಂಡ ಬಿ.ಎಸ್.ಕೆ.ಬಿ. ಅಸೋಸಿಯೇಶನ್ ಸಂಸ್ಥೆಯ ಈ ನೆಲೆಯಲ್ಲಿ ಗೋಪಾಲಕೃಷ್ಣನ ಸನ್ನಿಧಿಯಿದೆ. ದರ್ಶನದ ವೇಳೆಯನ್ನು ಮುಂಚಿತವಾಗಿ ವಿಚಾರಿಸಿ, ಮಧ್ಯಾಹ್ನಕ್ಕೆ ಮೊದಲೇ ಹೋಗುವುದು ಕ್ಷೇಮ. ಸಂಗೀತಪ್ರಿಯರಿಗೆ 1963ರಲ್ಲಿ ತೆರೆದ, 1990ರ ಬೆಂಕಿ ಅನಾಹುತದ ನಂತರ ಪುನರ್ನಿರ್ಮಾಣಗೊಂಡ ಷಣ್ಮುಖಾನಂದ ಸಭಾಗೃಹವನ್ನು ಹೊರಗಿನಿಂದಲಾದರೂ ತೋರಿಸಬಹುದು. ಅಲ್ಲಿಂದ ಕಿಂಗ್ಸ್ ಸರ್ಕಲ್ ದಾಟಿದರೆ ಮಾಟುಂಗ: 1926ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಶನ್, ಹೂವಿನ ಅಂಗಡಿಗಳ ಸಾಲು, ಬಾಳೆಎಲೆ ಮತ್ತು ಕಾಫಿಪುಡಿಯ ಪರಿಮಳ.

ಊಟದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಾಟುಂಗದ ಹೆಸರುವಾಸಿ ಉಪಾಹಾರಗೃಹಗಳಿಗೂ ವಾರದ ರಜೆಯಿದೆ. 1942ರಿಂದ ನಡೆದುಬಂದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮತ್ತು 1940ರ ಕೆಫೆ ಮದ್ರಾಸ್ ಎರಡೂ ರಜೆ ಇಟ್ಟುಕೊಂಡಿರುವುದು ಸೋಮವಾರ. ಎಲಿಫೆಂಟಾ ಮುಚ್ಚಿದ ದಿನವೇ ಬಾಳೆಎಲೆಯ ಊಟವೂ ತಪ್ಪುವ ಸಂಭವವಿದೆ. ಸೋಮವಾರದ ಅತಿಥಿಗಳಿಗೆ ಮನೆಯಲ್ಲೇ ಅಡುಗೆಯಾಗಲಿ ಎಂದರೆ ಯಾವ ಅಜ್ಜಿಯೂ ಬೇಡವೆನ್ನಲಾರರು. ಉಳಿದ ದಿನಗಳಲ್ಲಿ ಕೂಡ ರಜೆಯ ದಿನ ಬದಲಾಗಿರಬಹುದಾದ್ದರಿಂದ ಒಂದು ಫೋನು ಮಾಡಿ ಹೊರಡುವುದು ಜಾಣತನ.

ಮೂರು ದಿನ, ಮೂರು ಯೋಜನೆ

ಸೋಮವಾರ ಬರುವವರು ಗೇಟಿನಿಂದ ನೇರವಾಗಿ ಸಯನ್‌ಗೆ ಬರಲಿ. ಹತ್ತೂವರೆಯಿಂದ ಒಂದರವರೆಗೆ ಮನೆ, ದೇವರ ದರ್ಶನ, ಊಟ. ಮರಳುವ ದಾರಿಯಲ್ಲಿ ಭಾಯಖಳದ ವಸ್ತುಸಂಗ್ರಹಾಲಯ ಇದೆ. ಸೋಮವಾರ ಅದು ಮುಚ್ಚುವುದಿಲ್ಲ. ಮೂರೂವರೆಗೆ ಫೋರ್ಟ್ ತಲುಪಿ ರೈಲು ನಿಲ್ದಾಣದ ಮುಂಭಾಗ ನೋಡಿ ಬಂದರಿಗೆ ಮರಳಬಹುದು.

ಬುಧವಾರ ಭಾಯಖಳವನ್ನು ಕೈಬಿಡಬೇಕು. ಬೆಳಿಗ್ಗೆ ಮನೆ, ಮಾಟುಂಗದಲ್ಲಿ ಬೇಗನೆ ಊಟ, ಎರಡು ಗಂಟೆಯ ನಂತರ ಫೋರ್ಟಿನ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಇಲ್ಲಿಂದ ಬಂದರು ಹತ್ತಿರವಾದ್ದರಿಂದ ಹೊತ್ತಿನ ಒತ್ತಡವಿಲ್ಲ.

ಭಾನುವಾರ ಬಂಧುಗಳೆಲ್ಲ ಬಿಡುವಾಗಿರುತ್ತಾರೆ ಎಂಬುದು ದೊಡ್ಡ ಲಾಭ. ರೈಲಿನ ಬ್ಲಾಕ್ ಇರುವುದರಿಂದ ಹೋಗುವಾಗ ರಸ್ತೆಯನ್ನೇ ಹಿಡಿಯಬೇಕು. ಊಟ ಮುಗಿಸಿಯೇ ಫೋರ್ಟಿಗೆ ಬರಬೇಕು; ಅಲ್ಲಿ ತಿನ್ನುವುದು ಸಿಗುತ್ತದೆಂದು ನಂಬಿ ಬರಬಾರದು. ನಡಿಗೆಗೆ ಮಾತ್ರ ಇದರಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ.

ಜನವರಿ 26, ಆಗಸ್ಟ್ 15ರಂತಹ ರಾಷ್ಟ್ರೀಯ ದಿನಗಳಲ್ಲಿ, ಮತದಾನದ ದಿನ, ಅನಿರೀಕ್ಷಿತ ಬಂದ್ ಘೋಷಣೆಯಾದ ದಿನ ಈ ಯಾವ ಯೋಜನೆಯೂ ಪೂರ್ತಿ ನಡೆಯಲಾರದು. ಅಂದು ಮನೆ ಮತ್ತು ಬಂದರು ಎರಡೇ ಬಿಂದುಗಳನ್ನು ಇಟ್ಟುಕೊಂಡು ಉಳಿದುದನ್ನು ಬಿಡುವುದು ವಿವೇಕ. ಮನೆಯ ಹಿರಿಯರು ಪ್ರಯಾಣ ಮಾಡಬಲ್ಲವರಾಗಿದ್ದರೆ, ಅತಿಥಿಗಳು ಸಯನ್‌ಗೆ ಬರುವ ಬದಲು ಮನೆಯವರೇ ಬಂದರಿನ ಬಳಿಗೆ ಹೋಗುವುದನ್ನೂ ಯೋಚಿಸಬಹುದು.

ಬೇರೆ ಬಂದರುಗಳಲ್ಲಿ

ಮುಂಬಯಿಯಿಂದಲೇ ವಿಹಾರ ಹಡಗು ಹತ್ತುವ ನಮ್ಮ ಓದುಗರಿಗೂ ಇದೇ ಲೆಕ್ಕ ಸಲ್ಲುತ್ತದೆ. ಕೊಚ್ಚಿಯ ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಅದರ ಬಳಿಯ ಪರದೇಶಿ ಯಹೂದಿ ಪ್ರಾರ್ಥನಾ ಮಂದಿರಕ್ಕೆ ಶನಿವಾರ. ನಮ್ಮ ನವಮಂಗಳೂರು ಬಂದರಿಗೆ ಬರುವ ಪ್ರವಾಸಿಗರನ್ನು ಕರೆದೊಯ್ಯುವ ತಾಣಗಳಲ್ಲಿ ಪಿಲಿಕುಳ ನಿಸರ್ಗಧಾಮ ಸೋಮವಾರ ಮುಚ್ಚಿರುತ್ತದೆ. ಕದ್ರಿ, ಕುದ್ರೋಳಿ ದೇವಾಲಯಗಳಿಗೆ ಹೋಗುವವರು ಮಧ್ಯಾಹ್ನದ ಬಿಡುವನ್ನು ಗಮನಿಸಬೇಕು. ಸಂತ ಅಲೋಶಿಯಸ್ ಪ್ರಾರ್ಥನಾಲಯದ ಭಿತ್ತಿಚಿತ್ರಗಳನ್ನು ನೋಡುವವರೂ ವೇಳೆ ವಿಚಾರಿಸಿಯೇ ಹೊರಡಬೇಕು. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಪಣಂಬೂರಿನಿಂದ ದೂರವಾದ್ದರಿಂದ ಬೆಳಿಗ್ಗೆ ಮೊದಲು ಅಲ್ಲಿಗೆ ಹೋಗಿ, ನಗರದ ತಾಣಗಳನ್ನು ಮರಳುವಾಗ ನೋಡುವುದು ಸೂಕ್ತ. ದೂರದ್ದು ಮೊದಲು, ಹತ್ತಿರದ್ದು ಕೊನೆಗೆ ಎಂಬ ಸೂತ್ರ ಅಲ್ಲಿಯೂ ಬದಲಾಗದು.

ಹೊರಡುವ ಮುನ್ನ

ಬರುವವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ವಿದೇಶಿ ಪೌರತ್ವ ಪಡೆದವರು ಒ.ಸಿ.ಐ. ಕಾರ್ಡು ಅಥವಾ ವೀಸಾ ಇಲ್ಲದೆ ಹಡಗಿನಿಂದ ಇಳಿಯಲಾಗದು. ಒಂದೇ ಹಗಲಿಗಲ್ಲವೇ ಎಂಬ ಉದಾಸೀನ ಬೇಡ. ಒ.ಸಿ.ಐ. ಕಾರ್ಡು ಇದ್ದವರಿಗೆ ರಾಷ್ಟ್ರೀಯ ಸ್ಮಾರಕಗಳಲ್ಲಿ ಭಾರತೀಯರ ಪ್ರವೇಶ ದರವೇ ಅನ್ವಯಿಸುತ್ತದೆ; ಹಾಗಾಗಿ ಕಾರ್ಡು ಜೇಬಿನಲ್ಲಿರಲಿ. ಹಡಗಿನ ಗುರುತಿನ ಚೀಟಿ ಮತ್ತು ಬಂದರಿನಲ್ಲಿ ಕೊಡುವ ಅನುಮತಿ ಪತ್ರ ಮರಳುವವರೆಗೂ ಜೋಪಾನವಾಗಿರಬೇಕು. ಹಡಗಿನ ಸ್ಥಳೀಯ ಏಜೆಂಟರ ದೂರವಾಣಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ತಡವಾದಾಗ ಮೊದಲು ಕರೆ ಮಾಡಬೇಕಾದುದು ಅವರಿಗೆ. ಹಡಗು ತಪ್ಪಿದರೆ ಮುಂದಿನ ಬಂದರಿನವರೆಗಿನ ವಿಮಾನದ ಖರ್ಚೂ ಕಾಗದಪತ್ರಗಳ ಹೊಣೆಯೂ ಪ್ರಯಾಣಿಕರದೇ.

ಎದುರುಗೊಳ್ಳುವ ಮನೆಯವರಿಗೂ ಕೆಲವು ಮಾತು. ಬಂದರಿನ ಒಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಯಾವ ಗೇಟಿನ ಹೊರಗೆ ಭೇಟಿಯಾಗುವುದೆಂದು ಹಡಗಿನವರಲ್ಲಿ ಕೇಳಿ ಮೊದಲೇ ನಿಶ್ಚಯಿಸಿಕೊಳ್ಳಿ. ಹಿಂದಿನ ದಿನ ಸಂಜೆ ಮೂರು ಫೋನು ಮಾಡಿ: ನೋಡಬೇಕೆಂದಿರುವ ತಾಣಕ್ಕೆ, ಊಟದ ಜಾಗಕ್ಕೆ, ದೇವಸ್ಥಾನಕ್ಕೆ. ಅಂತರ್ಜಾಲದಲ್ಲಿ ಕಾಣುವ ವೇಳಾಪಟ್ಟಿ ಹಳೆಯದಾಗಿರಬಹುದು. ಫೋನಿನಲ್ಲಿ ಸಿಗುವ ಉತ್ತರ ಆ ದಿನದ್ದು. ಅತಿಥಿಗಳು ಮನೆಯಿಂದ ಹೊರಡಬೇಕಾದ 1 ಗಂಟೆಯ ಸಮಯವನ್ನು ಮನೆಯವರೇ ನೆನಪಿಸಬೇಕು. ಇನ್ನೊಂದು ಲೋಟ ಕಾಫಿಗೆ ಒತ್ತಾಯಿಸುವುದು ನಮ್ಮ ಸಂಸ್ಕಾರವೇನೋ ಸರಿ. ಅಂದು ಮಾತ್ರ ಕಾಫಿಯನ್ನು ಅವರು ಬಂದೊಡನೆ ಕೊಟ್ಟುಬಿಡೋಣ, ಹೊರಡುವಾಗ ತಡೆಯದೆ ಕಳುಹಿಸೋಣ.